ಓಹಾಯೊಗೆ ಹೊರಟ ಮಗನ ಆರೋಗ್ಯ ವಿಮೆ: ಅಂಕೋಲೆಯ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಪ್ರಶ್ನೆ ಬಂದಾಗ ನಾನು ಕುಮಟಾದಲ್ಲಿದ್ದೆ, ಇನ್ನೂ ಇಲ್ಲಿಯೇ ಇದ್ದೇನೆ. ಅಮ್ಮನನ್ನು ನೋಡಲು ಬಂದವಳಿಗೆ ಆಷಾಢದ ಮಳೆ ಅಂಗಳಕ್ಕೂ ಇಳಿಯಗೊಡುತ್ತಿಲ್ಲ. ನೀವು ನ್ಯೂಜೆರ್ಸಿಗೆ ಹೋಗಿ ವರ್ಷ ತುಂಬುವ ಮೊದಲೇ ಮಗ ಓಹಾಯೊದ ಕಾಲೇಜಿಗೆ ಹೊರಟಿದ್ದಾನೆ. ಕಾಲೇಜಿನ ಬಿಲ್ಲಿನಲ್ಲಿ ಆರೋಗ್ಯ ವಿಮೆಯ ಹೆಸರಿನಲ್ಲಿ ದೊಡ್ಡ ಮೊತ್ತ ಸೇರಿದೆ, ಯಜಮಾನರ ಕಂಪನಿಯ ವಿಮೆ ಇರುವಾಗ ಇದನ್ನೂ ಕಟ್ಟಬೇಕೇ ಎಂದು ಕೇಳಿದ್ದೀಯ.

ಮೊನ್ನೆ ಅಮ್ಮನ ತಪಾಸಣೆಗೆಂದು ಮಣಿಪಾಲಕ್ಕೆ ಹೋಗಿದ್ದೆವು. ನಸುಕಿನಲ್ಲಿ ಹೊರಟವರು ಮನೆ ಸೇರುವಾಗ ರಾತ್ರಿಯಾಗಿತ್ತು. ಕಾಯಿಲೆ ಜೋರಾದರೆ ಕಾರವಾರದವರು ಗೋವಾದ ಬಾಂಬೋಳಿಗೆ, ಶಿರಸಿಯವರು ಹುಬ್ಬಳ್ಳಿಗೆ, ನಾವು ಮಣಿಪಾಲಕ್ಕೋ ಮಂಗಳೂರಿಗೋ ಓಡುವುದು ನಿನಗೆ ಗೊತ್ತಿರುವುದೇ. ಆಸ್ಪತ್ರೆ ಎಷ್ಟು ದೂರ ಎಂಬ ಪ್ರಶ್ನೆಯನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಮೆರಿಕದ ವಿಮೆಯನ್ನೂ ಅದೇ ಪ್ರಶ್ನೆಯಿಂದ ಆರಂಭಿಸು. ಮಗ ವಾಸಿಸುವ ಊರಿನಲ್ಲಿ ನಿಮ್ಮ ವಿಮೆಯ ಕಾರ್ಡನ್ನು ಒಪ್ಪುವ ವೈದ್ಯರು ಇದ್ದಾರೆಯೇ? ಪ್ರೀಮಿಯಂ ಲೆಕ್ಕ ಆಮೇಲೆ.

ಅಮೆರಿಕದ 2010ರ ಕಾನೂನಿನ ಪ್ರಕಾರ ಮಕ್ಕಳು 26 ವರ್ಷ ತುಂಬುವವರೆಗೆ ತಂದೆತಾಯಿಯ ವಿಮೆಯಲ್ಲಿ ಉಳಿಯಬಹುದು. ಬೇರೆ ರಾಜ್ಯದಲ್ಲಿದ್ದರೂ ಸರಿ, ಮದುವೆಯಾಗಿದ್ದರೂ ಸರಿ. ಆದರೆ ಹೆಸರು ಪಟ್ಟಿಯಲ್ಲಿ ಇರುವುದು ಬೇರೆ, ಇರುವ ಊರಿನಲ್ಲಿ ಚಿಕಿತ್ಸೆ ಸಿಗುವುದು ಬೇರೆ. ಈ ವ್ಯತ್ಯಾಸ ನನಗೆ ತಿಳಿದದ್ದು ಮಗಳು ಇಂಡಿಯಾನಾದಲ್ಲಿ ಓದುತ್ತಿದ್ದಾಗ. ನಮ್ಮದು ಎಚ್‌ಎಂಒ ಮಾದರಿಯ ವಿಮೆ, ಅಂದರೆ ತುರ್ತು ಬಿಟ್ಟರೆ ತನ್ನೊಂದಿಗೆ ಒಪ್ಪಂದವಿರುವ ವೈದ್ಯರ ಜಾಲಕ್ಕೆ ಮಾತ್ರ ಹಣ ಕೊಡುವಂಥದ್ದು. ಅದರ ವೈದ್ಯರ ಜಾಲ ನಾವಿದ್ದ ನ್ಯೂಜೆರ್ಸಿ ಪ್ರದೇಶಕ್ಕೆ ಸೀಮಿತವಾಗಿತ್ತು. ಅಕ್ಟೋಬರ್‌ನ ಒಂದು ರಾತ್ರಿ ಅವಳಿಗೆ ಅಪೆಂಡಿಕ್ಸ್ ನೋವು ಬಂದು ಶಸ್ತ್ರಚಿಕಿತ್ಸೆಯಾಯಿತು. ತುರ್ತು ಚಿಕಿತ್ಸೆ ಎಲ್ಲಿ ನಡೆದರೂ ವಿಮೆ ಒಪ್ಪಬೇಕು, ಒಪ್ಪಿತು. ಹತ್ತು ದಿನಗಳ ಮೇಲೆ ಗಾಯದಲ್ಲಿ ಕೀವು ತುಂಬಿತು. ಶಸ್ತ್ರವೈದ್ಯರನ್ನು ಮತ್ತೆ ಮತ್ತೆ ಕಾಣಬೇಕಾಯಿತು, ಒಂದು ಸ್ಕ್ಯಾನ್ ಕೂಡ ಆಯಿತು. ಅದು ತುರ್ತು ಅಲ್ಲ, ವೈದ್ಯರು ಜಾಲದವರಲ್ಲ ಎಂದು ವಿಮಾ ಕಂಪನಿ ಒಂದು ಡಾಲರ್ ಕೊಡಲಿಲ್ಲ. ಚಿಕಿತ್ಸೆಗೆ ನ್ಯೂಜೆರ್ಸಿಗೆ ಕರೆತನ್ನಿ ಎಂದರು. ಜ್ವರದಿಂದ ನಡುಗುವ ಹುಡುಗಿಯನ್ನು ವಿಮಾನ ಹತ್ತಿಸುವುದು ಹೇಗೆ? ಪೂರ್ತಿ ನಾವೇ ಕಟ್ಟಿದೆವು. ಹಣ ಹೋದದ್ದಕ್ಕಿಂತ ಹೆಚ್ಚಾಗಿ, ಖರ್ಚಿಗೆ ಹೆದರಿ ಅವಳು ಎರಡು ದಿನ ನೋವನ್ನು ನನ್ನಿಂದ ಮುಚ್ಚಿಟ್ಟಿದ್ದಳು ಎಂಬುದು ನನಗೆ ಇಂದಿಗೂ ಸಂಕಟ.

ಹಾಗಾಗಿ ಯಜಮಾನರ ವಿಮೆ ಯಾವ ಮಾದರಿಯದು ಎಂದು ಇಂದೇ ನೋಡು. ಪಿಪಿಒ, ಅಂದರೆ ಜಾಲದ ಹೊರಗಿನ ವೈದ್ಯರಿಗೂ ಒಂದಿಷ್ಟು ಹಣ ಕೊಡುವ ಮಾದರಿ, ಆಗಿದ್ದರೆ ಸಾಮಾನ್ಯವಾಗಿ ಜಾಲ ವಿಸ್ತಾರವಾಗಿರುತ್ತದೆ. ವಿಮಾ ಕಂಪನಿಯ ಜಾಲತಾಣದಲ್ಲಿ ಕಾಲೇಜಿನ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ಹಾಕಿ ಆಸ್ಪತ್ರೆ, ಸಾಮಾನ್ಯ ವೈದ್ಯರು, ಮನೋವೈದ್ಯರು, ಮೂವರನ್ನೂ ಹುಡುಕು. ಆಮೇಲೆ ಆ ಕ್ಲಿನಿಕ್‌ಗೇ ಫೋನ್ ಮಾಡಿ ಕೇಳು, ಏಕೆಂದರೆ ಪಟ್ಟಿಗಳು ಹಳತಾಗಿರುತ್ತವೆ. ಜಾಲ ಚೆನ್ನಾಗಿದ್ದರೆ ಕಾಲೇಜಿನ ವಿಮೆ ಬೇಡವೆಂದು ಅರ್ಜಿ ಹಾಕಬಹುದು. ಅದನ್ನು ವೇವರ್ ಎನ್ನುತ್ತಾರೆ. ಸೆಮಿಸ್ಟರ್ ಆರಂಭದ ಹೊತ್ತಿಗೇ ಅದರ ಗಡುವು ಮುಗಿಯುತ್ತದೆ. ತಪ್ಪಿದರೆ ಬಿಲ್ಲಿನಲ್ಲಿರುವ ಮೊತ್ತವನ್ನು ಕಟ್ಟಲೇಬೇಕು. ಹೆಚ್ಚಿನ ಕಡೆ ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು. ನಿಮ್ಮ ಮಗ ವೀಸಾದ ಮೇಲೆ ಇರುವವನಾದ್ದರಿಂದ ಇನ್ನೊಂದನ್ನು ಕೇಳಿಕೋ: ಕೆಲವು ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳಿಗೆ ವೇವರ್ ಕೊಡುವುದೇ ಇಲ್ಲ.

ನಿಮ್ಮದೂ ಎಚ್‌ಎಂಒ ಆಗಿದ್ದು ಓಹಾಯೊದಲ್ಲಿ ವೈದ್ಯರಿಲ್ಲದಿದ್ದರೆ, ಕೈ ಬಿಗಿಯಾದರೂ ಕಾಲೇಜಿನ ವಿಮೆಯನ್ನೇ ತೆಗೆದುಕೋ ಎನ್ನುತ್ತೇನೆ. ಅದರ ವೈದ್ಯರು ಕ್ಯಾಂಪಸ್ಸಿನ ಸುತ್ತಲೇ ಇರುತ್ತಾರೆ. ಡಿಡಕ್ಟಿಬಲ್, ಅಂದರೆ ವಿಮೆ ಕೈಹಾಕುವ ಮೊದಲು ನಾವೇ ಭರಿಸಬೇಕಾದ ಮೊತ್ತ, ಎಷ್ಟೋ ಕಡೆ ಕಂಪನಿ ವಿಮೆಗಿಂತ ಕಡಿಮೆ ಇರುತ್ತದೆ. ಇನ್ನು ಬಿಲ್ಲಿನಲ್ಲಿ ಕಾಣುವ ಆರೋಗ್ಯ ಶುಲ್ಕ ವಿಮೆಯಲ್ಲ. ಅದು ಕ್ಯಾಂಪಸ್ ಚಿಕಿತ್ಸಾಲಯಕ್ಕೆ, ನೆಗಡಿ ಜ್ವರಕ್ಕೆ. ಊರಿನಿಂದ ಅಗ್ಗದ ಪ್ರವಾಸಿ ವಿಮೆ ಕೊಳ್ಳುವ ಯೋಚನೆಯನ್ನಂತೂ ಬಿಟ್ಟುಬಿಡು. ಮೊದಲಿನಿಂದ ಇದ್ದ ಕಾಯಿಲೆ ಎಂದು ಅವರು ಹಿಂದೆ ಸರಿಯುವುದನ್ನು ನಾನು ಕಂಡಿದ್ದೇನೆ.

ಆಂಬುಲೆನ್ಸ್ ವಿಷಯ ಬೇರೆಯೇ. ಊರಿನಲ್ಲಿ 108ಕ್ಕೆ ಕರೆದರೆ ಯಾರೂ ಹಣ ಕೇಳುವುದಿಲ್ಲ. ಅಲ್ಲಿ, ತುರ್ತು ಚಿಕಿತ್ಸೆಯಲ್ಲಿ ಜಾಲದ ಹೊರಗಿನವರು ಹೆಚ್ಚುವರಿ ಬಿಲ್ ಹಾಕದಂತೆ ತಡೆಯುವ ಕಾನೂನು 2022ರಿಂದ ಜಾರಿಯಲ್ಲಿದ್ದರೂ ರಸ್ತೆಯ ಆಂಬುಲೆನ್ಸ್ ಅದರೊಳಗೆ ಬರುವುದಿಲ್ಲ. ಆದರೂ ಎದೆನೋವು, ಉಸಿರಾಟದ ತೊಂದರೆ ಎಂದರೆ ಹಣದ ಯೋಚನೆ ಮಾಡದೆ 911ಕ್ಕೆ ಕರೆ ಮಾಡಲು ಅವನಿಗೆ ಹೇಳು. ನಿನ್ನ ಬಾಯಿಂದಲೇ ಹೇಳು, ನನ್ನ ಮಗಳಂತೆ ಅವನೂ ಲೆಕ್ಕ ಹಾಕುತ್ತಾ ಕೂರಬಾರದು. ಕಾಲು ಉಳುಕು, ಕಿವಿನೋವಿಗೆ ಅರ್ಜೆಂಟ್ ಕೇರ್, ಅಂದರೆ ಪ್ರಾಣಾಪಾಯವಿಲ್ಲದ ತೊಂದರೆಗೆ ಕೂಡಲೇ ನೋಡುವ ಕ್ಲಿನಿಕ್, ಸಾಕು. ಆಸ್ಪತ್ರೆಯ ತುರ್ತು ವಿಭಾಗಕ್ಕಿಂತ ಅದು ಎಷ್ಟೋ ಅಗ್ಗ.

ಅಂದು ನಾನು ಇಂಡಿಯಾನಾದ ಆಸ್ಪತ್ರೆಗೆ ಫೋನ್ ಮಾಡಿದಾಗ, ಮಗಳಿಗೆ 18 ತುಂಬಿದೆ, ಅವಳ ಒಪ್ಪಿಗೆಯಿಲ್ಲದೆ ಏನೂ ಹೇಳಲಾಗದು ಎಂದರು. ಅವಳು ಅರಿವಳಿಕೆಯಲ್ಲಿ ಮಲಗಿದ್ದಳು. ಹೊರಡುವ ಮೊದಲೇ ಮಗನಿಂದ ವೈದ್ಯಕೀಯ ಮಾಹಿತಿಯ ಒಪ್ಪಿಗೆ ಪತ್ರಕ್ಕೂ, ಅವನಿಗೆ ಪ್ರಜ್ಞೆಯಿಲ್ಲದಾಗ ನಿರ್ಧರಿಸುವ ಅಧಿಕಾರ ಪತ್ರಕ್ಕೂ ಸಹಿ ಹಾಕಿಸಿ ಪ್ರತಿ ಇಟ್ಟುಕೋ. ವಿಮೆ ಕಾರ್ಡಿನ ಎರಡೂ ಬದಿಯ ಫೋಟೋ ಅವನ ಮೊಬೈಲಿನಲ್ಲಿರಲಿ.

ಲಸಿಕೆ ಪತ್ರಗಳನ್ನೂ ಹುಡುಕಿಡು. ಭಾರತದಿಂದ ಬಂದ ಮಕ್ಕಳಿಗೆ ಕ್ಷಯದ ಪರೀಕ್ಷೆ ಕೇಳುವ ಕಾಲೇಜುಗಳಿವೆ. ನಮ್ಮ ಮಕ್ಕಳಿಗೆಲ್ಲ ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿಸಿರುವುದರಿಂದ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ಬರಬಹುದು. ರಕ್ತ ಪರೀಕ್ಷೆಯನ್ನೇ ಕೇಳಿ ಮಾಡಿಸು.

ಕಡಲ ಸದ್ದು ಕೇಳುತ್ತಾ ಬೆಳೆದ ಹುಡುಗ. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲೆ, ಎಲ್ಲೆಲ್ಲೂ ಹಿಮ. ಅವನು ಫೋನಿನಲ್ಲಿ ಮಾತು ಕಡಿಮೆ ಮಾಡಿದರೆ ಓದಿನ ಒತ್ತಡ ಎಂದು ಸುಮ್ಮನಾಗಬೇಡ. ಕಾಲೇಜಿನ ಆಪ್ತಸಮಾಲೋಚನಾ ಕೇಂದ್ರದ ನಂಬರನ್ನು ಮೊದಲ ದಿನವೇ ಬರೆದುಕೊಡು.

ನಾನು ತಿಂಗಳ ಕೊನೆಗೆ ನ್ಯೂಜೆರ್ಸಿಯಲ್ಲಿರುತ್ತೇನೆ. ಅಷ್ಟರಲ್ಲಿ ಗಡುವು ಮುಗಿಯುವಂತಿದ್ದರೆ ಯಜಮಾನರ ವಿಮೆಯ ವಿವರ ಪತ್ರವನ್ನು ಈಗಲೇ ಕಳುಹಿಸು, ರಾತ್ರಿ ಕುಳಿತು ಓದಿ ಹೇಳುತ್ತೇನೆ. ಅಂಕೋಲೆಯಲ್ಲಿ ನಿನ್ನ ಅಮ್ಮನಿಗೆ ಏನಾದರೂ ತಲುಪಿಸುವುದಿದ್ದರೆ ಅದನ್ನೂ ಬರೆ, ಭಾನುವಾರ ಆ ಕಡೆ ಹೋಗುವವಳಿದ್ದೇನೆ.