ಸಂಪಾದಕರ ಉತ್ತರ: ಒಸಡಿನೊಳಗೆ ಇಡುವ ಮೂಳೆಪುಡಿ ಯಾವುದರದು?

ಮಾನ್ಯರೇ,

ತೀರ್ಥಹಳ್ಳಿಯ ಕಡೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಕಳೆದ ಸಂಚಿಕೆಯ ‘ಕರಗಿದ ದವಡೆ ಮೂಳೆ ಮತ್ತೆ ಬೆಳೆಯುತ್ತದೆ’ ಎಂಬ ತಲೆಬರಹ ಕಂಡು ನಿಮ್ಮ ಮನೆಯವರು ದಂತವೈದ್ಯರ ಬಳಿ ಹೋದರೆಂದೂ, ವೈದ್ಯರು ಒಂದು ಹಲ್ಲಿಗೆ ಮಾತ್ರ ಮೂಳೆಪುಡಿ ಮತ್ತು ಪೊರೆ ಇಡಬಹುದು, ಉಳಿದವಕ್ಕೆ ಪ್ರಯೋಜನವಿಲ್ಲ ಎಂದರೆಂದೂ ತಿಳಿಸಿದ್ದೀರಿ. ಆ ಪುಡಿ ಯಾವುದರದು ಎಂದು ಕೇಳಿದ್ದಕ್ಕೆ ‘ಕಂಪನಿಯದು’ ಎಂಬಷ್ಟೇ ಉತ್ತರ ಬಂದದ್ದು ನಿಮಗೆ ಸರಿ ಕಂಡಿಲ್ಲ. ಅಡಿಕೆ, ಗುಟ್ಕಾ ಜಗಿದು ಬಾಯಿ ಬಿಗಿದುಕೊಂಡಿರುವ ನಿಮ್ಮ ತಮ್ಮನ ಮಗನಿಗೂ ಇಂಥ ಪೊರೆ ಆದೀತೇ ಎಂದು ಕೊನೆಯಲ್ಲಿ ಕೇಳಿದ್ದೀರಿ.

ಮೊದಲು ನಮ್ಮ ತಪ್ಪು. ಲೇಖಕರು ಕೊಟ್ಟಿದ್ದ ತಲೆಬರಹ ಅಂಕಣದ ಅಗಲಕ್ಕೆ ಹಿಡಿಸಲಿಲ್ಲವೆಂದು ಮೊಟಕು ಮಾಡಿದವನು ನಾನೇ. ಹಾಗೆ ಹಾರಿಹೋದದ್ದು ‘ಕೆಲವು ಸಂದರ್ಭಗಳಲ್ಲಿ’ ಎಂಬ ಎರಡು ಪದ. ಲೇಖನದ ತಿರುಳೆಲ್ಲ ಆ ಎರಡು ಪದಗಳಲ್ಲೇ ಇತ್ತು.

ಒಸಡಿನ ರೋಗ ಬಲಿತಾಗ ಬೇರನ್ನು ಹಿಡಿದಿರುವ ಮೂಳೆ, ಬೇರಿನ ಮೇಲಿನ ಸಿಮೆಂಟಮ್ ಎಂಬ ತೆಳುಪದರ, ಇವೆರಡನ್ನೂ ಬಿಗಿದಿರುವ ನಾರುಗಳು ಒಟ್ಟಿಗೇ ಹಾಳಾಗುತ್ತವೆ. ಒಸಡನ್ನು ಬಿಡಿಸಿ, ಬೇರನ್ನು ಶುಚಿಗೊಳಿಸಿ ಹೊಲಿಗೆ ಹಾಕಿದರೆ ಗಾಯವೇನೋ ಮಾಯುತ್ತದೆ. ಆದರೆ ಒಸಡಿನ ಮೇಲ್ಪದರದ ಜೀವಕೋಶಗಳು ಉಳಿದವುಗಳಿಗಿಂತ ಚುರುಕಾದ್ದರಿಂದ ಅವು ಬೇರಿನಗುಂಟ ಕೆಳಗಿಳಿದು ಜಾಗ ಹಿಡಿದುಬಿಡುತ್ತವೆ, ನಿಧಾನಗತಿಯ ನಾರು ಮತ್ತು ಮೂಳೆಯ ಕೋಶಗಳು ಬರುವ ಹೊತ್ತಿಗೆ ಅಲ್ಲಿ ತೆರಪಿರುವುದಿಲ್ಲ. ಗದ್ದೆಯಲ್ಲಿ ಕಳೆ ಮೊದಲೆದ್ದರೆ ಪೈರಿನ ಗತಿ ಏನೆಂದು ಕೃಷಿಕರಾದ ನಿಮಗೆ ನಾನು ವಿವರಿಸಬೇಕಿಲ್ಲ. ಬೇರನ್ನು ಮೊದಲು ತಲುಪುವ ಕೋಶ ಯಾವುದೋ ಅದರಂತೆ ಗಾಯ ಮಾಯುವ ಬಗೆಯೂ ತೀರ್ಮಾನವಾಗುತ್ತದೆ ಎಂಬ ವಿಚಾರವನ್ನು ದಂತ ಸಂಶೋಧಕ ಮೆಲ್ಚರ್ 1976ರಲ್ಲಿ ಮುಂದಿಟ್ಟರು. 1982ರಲ್ಲಿ ಸ್ವೀಡನ್ನಿನ ನೀಮನ್ ಮತ್ತು ಸಂಗಡಿಗರು, ರೋಗ ಬಲಿತಿದ್ದ ಕೆಳದವಡೆಯ ಮುಂದಿನ ಹಲ್ಲೊಂದರ ಬೇರಿಗೂ ಒಸಡಿಗೂ ನಡುವೆ, ಪ್ರಯೋಗಾಲಯದಲ್ಲಿ ದ್ರವ ಸೋಸಲು ಬಳಸುವ ಹಾಳೆಯ ತುಂಡನ್ನಿಟ್ಟು ಹೊಲಿದರು. ಮೂರು ತಿಂಗಳ ಬಳಿಕ ಸುತ್ತಲಿನ ಅಂಗಾಂಶದ ಸಮೇತ ಆ ಹಲ್ಲನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೇರಿನ ಮೇಲೆ ಹೊಸ ಸಿಮೆಂಟಮ್ ಮೂಡಿತ್ತು, ಅದರೊಳಗೆ ಹೊಸ ನಾರುಗಳು ನಾಟಿಕೊಂಡಿದ್ದವು. ಆ ಹಾಳೆಯಲ್ಲಿ ಯಾವ ಔಷಧಿಯೂ ಇರಲಿಲ್ಲ. ಅದು ಬೇಲಿಯಾಗಿತ್ತು, ಅಷ್ಟೇ.

ಮೊದಮೊದಲು ಬಂದ ಟೆಫ್ಲಾನ್ ಜಾತಿಯ ಪೊರೆಗಳು ಕರಗುತ್ತಿರಲಿಲ್ಲವಾದ್ದರಿಂದ ಅವನ್ನು ತೆಗೆಯಲು ಇನ್ನೊಮ್ಮೆ ಒಸಡು ಕೊಯ್ಯಬೇಕಾಗುತ್ತಿತ್ತು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಚರ್ಮ, ಮೂಳೆಗಳಲ್ಲಿರುವ ನಾರಿನಂಥ ಪ್ರೋಟೀನಾದ ಕೊಲಾಜೆನ್ನಿನಿಂದ ಮಾಡಿದ, ತಾನಾಗಿ ಕರಗುವ ಪೊರೆ: ಪ್ಯಾಕೆಟ್ಟಿನಿಂದ ತೆಗೆದಾಗ ಒಣ ಹಪ್ಪಳದ ಹಾಗೆ ಗರಿಗರಿ, ರಕ್ತ ತಾಗಿದೊಡನೆ ಮೆತ್ತಗಾಗಿ ಮೂಳೆಯ ಉಬ್ಬುತಗ್ಗಿಗೆ ಅಂಟಿಕೊಳ್ಳುತ್ತದೆ. ಮೂಳೆಪುಡಿಯ ಕೆಲಸ ಮೂಳೆ ಕರಗಿ ಆದ ಗುಂಡಿಯೊಳಕ್ಕೆ ಆ ಪೊರೆ ಕುಸಿಯದಂತೆ ಆನಿಸಿ ಹಿಡಿಯುವುದು ಮತ್ತು ನಿಮ್ಮ ಮನೆಯವರದೇ ಮೂಳೆಯ ಕೋಶಗಳು ಹತ್ತಿ ಬರಲು ಚಪ್ಪರವಾಗುವುದು.

ಈಗ ಅದು ಯಾವುದರದು ಎಂಬ ಪ್ರಶ್ನೆ. ರೋಗಿಯ ದವಡೆಯಿಂದಲೇ ಕೆರೆದು ತೆಗೆದ ಮೂಳೆ ಒಂದು ಬಗೆ. ದಾನಿಗಳಿಂದ ಪಡೆದು ಸಂಸ್ಕರಿಸಿದ ಮನುಷ್ಯರ ಮೂಳೆ ಇನ್ನೊಂದು. ಲೋಕದಾದ್ಯಂತ ಬಹಳ ಬಳಕೆಯಲ್ಲಿರುವುದು ದನದ ಮೂಳೆ. ಶಾಖ ಮತ್ತು ರಾಸಾಯನಿಕಗಳಿಂದ ಅದರಲ್ಲಿನ ಪ್ರೋಟೀನು, ಕೊಬ್ಬುಗಳನ್ನೆಲ್ಲ ತೆಗೆದು ಖನಿಜವನ್ನಷ್ಟೇ ಉಳಿಸಿರುತ್ತಾರೆ. ಕೊಲಾಜೆನ್ ಪೊರೆ ದನದ್ದೋ ಹಂದಿಯದ್ದೋ ಆಗಿರಬಹುದು, ನಮ್ಮಲ್ಲಿ ಮೀನಿನದೂ ಸಿಗುತ್ತದೆ. ಬೇರಿಗೆ ಸವರುವ ಎನಾಮೆಲ್ ಪ್ರೋಟೀನಿನ ಜೆಲ್ ಹಂದಿಮರಿಗಳ ಮೂಡುತ್ತಿರುವ ಹಲ್ಲಿನಿಂದ ತೆಗೆದದ್ದು. ಪ್ರಾಣಿಮೂಲ ಬೇಡವೆನ್ನುವವರಿಗೆ ಕಾರ್ಖಾನೆಯಲ್ಲಿ ತಯಾರಾದ ಹೈಡ್ರಾಕ್ಸಿ ಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಮತ್ತು ಬಯೋಗ್ಲಾಸ್ ಇವೆ. ಈ ಬಯೋಗ್ಲಾಸಿನ ಹುಟ್ಟು ಸ್ವಾರಸ್ಯದ್ದು. 1967ರಲ್ಲಿ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ, ವಿಯೆಟ್ನಾಮಿನಿಂದ ಮರಳಿದ್ದ ಸೇನಾಧಿಕಾರಿಯೊಬ್ಬರು, ಮನುಷ್ಯನ ದೇಹ ತಿರಸ್ಕರಿಸದಂಥ ವಸ್ತುವನ್ನು ನೀವು ಮಾಡಬಲ್ಲಿರಾ ಎಂದು ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಅವರನ್ನು ಕೇಳಿದರಂತೆ. ಎರಡು ವರ್ಷಗಳಲ್ಲಿ ಹೆಂಚ್ ತಯಾರಿಸಿದ ಗಾಜಿನಲ್ಲಿ ತೂಕದ ಲೆಕ್ಕದಲ್ಲಿ ಶೇ. 45 ಸಿಲಿಕಾ, ಸೋಡಿಯಂ ಮತ್ತು ಕ್ಯಾಲ್ಸಿಯಂ ಆಕ್ಸೈಡುಗಳು ತಲಾ ಶೇ. 24.5, ಉಳಿದ ಶೇ. 6 ರಂಜಕದ ಆಕ್ಸೈಡು. ದೇಹದ್ರವ ತಾಗಿದಾಗ ಈ ಗಾಜಿನ ಮೇಲ್ಮೈಯಲ್ಲಿ ಮೂಳೆಯ ಖನಿಜವನ್ನೇ ಹೋಲುವ ಪದರ ಕಟ್ಟುತ್ತದೆ, ಮೂಳೆ ಅದನ್ನು ಹಿಡಿದುಕೊಳ್ಳುತ್ತದೆ.

ರೋಗಿಯ ಸ್ವಂತ ರಕ್ತದಿಂದ ತಯಾರಿಸುವ ಪಿಆರ್‌ಎಫ್ (ಪ್ಲೇಟ್‌ಲೆಟ್ ಹೇರಳವಾಗಿರುವ ಫೈಬ್ರಿನ್ ಹೆಪ್ಪು) ಎಂಬುದೂ ಇದೆ. ಫ್ರಾನ್ಸಿನ ಶುಕ್ರೂನ್ 2001ರಲ್ಲಿ ಪರಿಚಯಿಸಿದ ವಿಧಾನವಿದು. ತೋಳಿನಿಂದ ತೆಗೆದ ರಕ್ತವನ್ನು, ಹೆಪ್ಪುಗಟ್ಟದಂತೆ ತಡೆಯುವ ಏನನ್ನೂ ಬೆರೆಸದೆ, ತಡಮಾಡದೆ ಸೆಂಟ್ರಿಫ್ಯೂಜಿನಲ್ಲಿ ಹತ್ತು ಹನ್ನೆರಡು ನಿಮಿಷ ತಿರುಗಿಸಿದರೆ ಕೊಳವೆಯ ತಳದಲ್ಲಿ ಕೆಂಪು ಕಣಗಳು, ಮೇಲೆ ತಿಳಿ, ನಡುವೆ ತಾಟಿನುಂಗಿನಂಥ ಹಳದಿ ಛಾಯೆಯ ಹೆಪ್ಪು ನಿಲ್ಲುತ್ತದೆ. ಅದನ್ನು ಒತ್ತಿದರೆ ಪೊರೆ ಸಿದ್ಧ. ಒಸಡಿನಂಥ ಮೃದು ಭಾಗದ ಗಾಯಕ್ಕೆ ಇದು ಒಳ್ಳೆಯದು. ಆದರೆ ಬೇಗ ಕರಗುವುದರಿಂದ ದೊಡ್ಡ ಗುಂಡಿಗೆ ಇದೊಂದನ್ನೇ ನೆಚ್ಚುವಂತಿಲ್ಲ.

ಹೀಗಿರುವಾಗ ‘ಕಂಪನಿಯದು’ ಎಂಬುದು ಉತ್ತರವೇ ಅಲ್ಲ. ಸಸ್ಯಾಹಾರಿಗಳಿಗೂ, ಹಂದಿ ನಿಷಿದ್ಧವಾದವರಿಗೂ, ಮೀನಿನ ಅಲರ್ಜಿ ಇರುವವರಿಗೂ ಇದನ್ನು ತಿಳಿಯುವ ಹಕ್ಕಿದೆ. ಪ್ಯಾಕೆಟ್ಟನ್ನು ತೋರಿಸಿ ಎಂದು ಸಂಕೋಚವಿಲ್ಲದೆ ಕೇಳಿ; ವಸ್ತುವಿನ ಮೂಲ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳನ್ನು ನಿಮ್ಮ ಚೀಟಿಯ ಮೇಲೆ ಬರೆಸಿಕೊಳ್ಳಿ.

ಆದರೆ ‘ಒಂದು ಹಲ್ಲಿಗೆ ಮಾತ್ರ’ ಎಂದ ವಿಷಯದಲ್ಲಿ ಆ ವೈದ್ಯರ ಮೇಲೆ ನಿಮಗೆ ಅನುಮಾನ ಬೇಡ. ಎರಡು ಮೂರು ಕಡೆ ಮೂಳೆಯ ಗೋಡೆ ಉಳಿದಿರುವ ಆಳವಾದ, ಕಿರಿದಾದ ಗುಂಡಿಯಲ್ಲಿ ಪುಡಿ ನಿಲ್ಲುತ್ತದೆ, ರಕ್ತದ ಹೆಪ್ಪು ಅಲುಗುವುದಿಲ್ಲ, ಕೋಶಗಳೂ ಹತ್ತಿರದಿಂದಲೇ ಬರುತ್ತವೆ. ಮೂಳೆ ಸಾಲಿನುದ್ದಕ್ಕೂ ಸಮನಾಗಿ ತಗ್ಗಿಹೋದ ಕಡೆ ಆ ಯಾವ ಆಸರೆಯೂ ಇಲ್ಲದ್ದರಿಂದ ಎಷ್ಟು ದುಬಾರಿ ಪುಡಿ ಸುರಿದರೂ ಮೂಳೆ ಮೇಲೇರುವ ಭರವಸೆಯಿಲ್ಲ. ಎಲ್ಲ ಹಲ್ಲಿಗೂ ಹಾಕುತ್ತೇನೆ ಎನ್ನುವವರು ಸಿಕ್ಕಿದ್ದರೆ ನಾನು ಚಿಂತಿಸುತ್ತಿದ್ದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಆ ಒಂದು ಹಲ್ಲಿನ ಫಲವೂ ಕುಂದುತ್ತದೆ; ನಿಮ್ಮ ಮನೆಯವರಿಗೆ ಆ ಕಾಯಿಲೆ ಇದ್ದರೆ ಮೊದಲು ಅದನ್ನು ಹತೋಟಿಗೆ ತಂದುಕೊಳ್ಳಲಿ.

ನಿಮ್ಮ ತಮ್ಮನ ಮಗನ ವಿಷಯ ಬೇರೆ. ಅಡಿಕೆಯಲ್ಲಿನ ಅರೆಕೋಲಿನ್ ಎಂಬ ರಾಸಾಯನಿಕ ಕೆನ್ನೆಯೊಳಗಿನ ಕೋಶಗಳನ್ನು ಕೆರಳಿಸಿ ಕೊಲಾಜೆನ್ ಮಿತಿಮೀರಿ ಕಟ್ಟುವಂತೆ ಮಾಡುವುದರಿಂದ ಕೆನ್ನೆಯೊಳಗೆ ಪಟ್ಟಿಗಳು ಕಟ್ಟಿ ಅದು ಹಗ್ಗ ಬಿಗಿದಂತೆ ಗಡುಸಾಗುತ್ತದೆ. ಆ ಪಟ್ಟಿಗಳನ್ನು ಕೊಯ್ದು ಬಿಡಿಸಿದ ಹಸಿಗಾಯದ ಮೇಲೆ ಹೊದಿಸುವುದೂ ಕೊಲಾಜೆನ್ ಹಾಳೆಯನ್ನೇ. ಕೊಲಾಜೆನ್ ಹೆಚ್ಚಾಗಿ ಬಂದ ರೋಗಕ್ಕೆ ಕೊಲಾಜೆನ್ನಿನದೇ ಹೊದಿಕೆ. ಅದು ನೋವನ್ನು ತಗ್ಗಿಸಿ ಗಾಯವನ್ನು ಕಾಯುತ್ತದೆ, ರೋಗವನ್ನು ನಿಲ್ಲಿಸುವುದಿಲ್ಲ. ಅಡಿಕೆ ಬೆಳೆಯುವ ಮನೆಗೆ ಇದನ್ನು ಬರೆಯುವುದು ನನಗೂ ಕಷ್ಟ, ಆದರೂ ಬರೆಯಬೇಕು: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲೇ ಅಡಿಕೆಯನ್ನು, ತಂಬಾಕು ಬೆರೆಯದಿದ್ದರೂ, ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಹುಡುಗನ ಬಾಯಲ್ಲಿ ಈಗ ಎರಡೇ ಬೆರಳು ಹಿಡಿಸುತ್ತದೆ ಎಂದು ಬರೆದಿದ್ದೀರಿ. ಜಗಿಯುವುದನ್ನು ಈ ದಿನವೇ ಬಿಡಿಸಿ, ಬಾಯಿಯ ಶಸ್ತ್ರವೈದ್ಯರಿಗೆ ಈ ವಾರವೇ ತೋರಿಸಿ. ಶಸ್ತ್ರಚಿಕಿತ್ಸೆ ಆದರೂ ಆಮೇಲೆ ತಿಂಗಳುಗಟ್ಟಲೆ ಪ್ರತಿದಿನ ಹಲ್ಲುಗಳ ನಡುವೆ ಐಸ್‌ಕ್ರೀಮ್ ಕಡ್ಡಿಯಂಥ ಮರದ ಪಟ್ಟಿಗಳನ್ನು ಒಂದರ ಮೇಲೊಂದು ಸೇರಿಸುತ್ತ ಬಾಯಿ ತೆರೆಯುವ ಅಭ್ಯಾಸ ಮಾಡಬೇಕಾಗುತ್ತದೆ. ಅದನ್ನು ಬಿಟ್ಟರೆ ಕೊಯ್ದ ಜಾಗವೇ ಮತ್ತೆ ಬಿಗಿಯುತ್ತದೆ.

ತಲೆಬರಹದ ತಿದ್ದುಪಡಿ ಇದೇ ಸಂಚಿಕೆಯ ಆರೋಗ್ಯ ಪುಟದಲ್ಲಿದೆ.

— ಸಂಪಾದಕ