ಅದೇ 40 ಮಿ.ಮೀ., ಹೊಂಡ ಮಾತ್ರ ಖಾಲಿ

ಪ್ರಶ್ನೆ: ಚಿಂತಾಮಣಿ ಕಡೆಯ ನಮ್ಮ ಕೆಂಪುಮಣ್ಣಿನ ಹೊಲದಲ್ಲಿ ಎರಡು ಸಲ 40 ಮಿ.ಮೀ. ಮಳೆಯಾಯಿತು. ಒಮ್ಮೆ ಕೃಷಿಹೊಂಡ ತುಂಬಿತು, ಇನ್ನೊಮ್ಮೆ ತಳವಷ್ಟೇ ನೆನೆಯಿತು. ಮಳೆಮಾಪಕವೇ ತಪ್ಪೇ?

ಉತ್ತರ: ಮಾಪಕ ಸರಿಯೇ ಇರಬಹುದು. ಬೆಳಿಗ್ಗೆ 8.30ಕ್ಕೆ ಒಮ್ಮೆ ಓದಿದರೆ ಒಟ್ಟು ಮಳೆ ಸಿಗುತ್ತದೆ, ಬಿದ್ದ ರೀತಿ ಸಿಗುವುದಿಲ್ಲ. ಗುಡುಗುಮಳೆಯ ಒಂದೊಂದು ಮೋಡದ ಗೂಡಿನ (ಒಂದಾಗಿ ಬೆಳೆದು, ಸುರಿದು, ಕರಗುವ ಮೋಡದ ಭಾಗದ) ಆಯಸ್ಸು ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ. ಅದರಿಂದ ಇಳಿದ ತಣ್ಣನೆ ಗಾಳಿ ಪಕ್ಕದ ಬಿಸಿಗಾಳಿಯನ್ನು ಮೇಲೆತ್ತಿ ಹೊಸ ಗೂಡು ಕಟ್ಟಬಹುದು. ಹಾಗಾಗಿಯೇ ಮಳೆ ಬಿಟ್ಟುಬಿಟ್ಟು ಸುರಿಯುತ್ತದೆ.

ಮೊದಲ ಜಡಿಮಳೆಗೆ ಕೆಂಪುಮಣ್ಣಿನ ಮೇಲ್ಪದರ ಹೆಪ್ಪುಗಟ್ಟುತ್ತದೆ. 20 ನಿಮಿಷದಲ್ಲೇ ಎರಡನೆಯದು ಬಂದರೆ ನೀರು ಇಂಗದೆ ಹೊಂಡಕ್ಕೆ ಓಡುತ್ತದೆ. ಅದೇ ಮಳೆ ಹನಿಹನಿಯಾಗಿ ರಾತ್ರಿಯಿಡೀ ಬಿದ್ದರೆ ಬಹುಪಾಲು ನೆಲಕ್ಕೇ. ರಾಗಿಗೆ ಅದು ನಷ್ಟವೇನಲ್ಲ!

ಮಳೆ ಬಿದ್ದ ರೀತಿಯನ್ನೂ ಅಳೆಯಲು ನೇರ ಗೋಡೆಯ, ಚಪ್ಪಟೆ ತಳದ ಡಬ್ಬವನ್ನು ಮರ, ಸೂರಿನ ಎತ್ತರದ ಎರಡು ಪಟ್ಟು ದೂರ ಇಡಿ. ಸಿಡಿಲಿರುವಾಗ ಹೊರಗೆ ಹೋಗಬೇಡಿ. ಮಳೆ ಹಿಡಿದ, ಬಿಟ್ಟ ಗಳಿಗೆಯನ್ನು ಒಳಗಿಂದಲೇ ಬರೆದುಕೊಂಡು, ಬಿಡುವಿನಲ್ಲಿ ಸ್ಕೇಲಿಳಿಸಿ ಓದಿ. 10 ನಿಮಿಷಕ್ಕೆ 10 ಮಿ.ಮೀ. ಎಂದರೆ ಗಂಟೆಗೆ 60 ಮಿ.ಮೀ. ವೇಗದ ಮಳೆ. 6 ಗಂಟೆ ಒಣ ಬಿಡುವಿದ್ದರೆ ಬೇರೆ ಮಳೆಯೆಂದು ಎಣಿಸುವುದು ವಾಡಿಕೆ.