ಆಟದ ಫೋಟೋದಲ್ಲಿ ಮುಖ ಬರ್ನ್ ಆದರೆ ಹೊಸ ಕ್ಯಾಮರಾ ಬೇಡ

ರಾತ್ರಿ ಯಕ್ಷಗಾನದ ಫೋಟೋ ತೆಗೆಯುವಾಗ ಮೀಟರ್ (ಕ್ಯಾಮರಾದೊಳಗೆ ಬೆಳಕು ಅಳೆಯುವ ಸಾಧನ) ಸರಿಯಾಗಿ ಸೊನ್ನೆ ತೋರಿಸುತ್ತೆ, ಆದರೂ ಮುಖಕ್ಕೆ ಸುಣ್ಣ ಬಳಿದ ಹಾಗೆ ಬರುತ್ತೆ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮರಾ ತಗೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಸರಿಹೋಗುವುದಿಲ್ಲ. ಮೀಟರ್ ಸೊನ್ನೆಯಲ್ಲಿ ಇರುವುದೇ ತೊಂದರೆ. ಅದೇ ಮೀಟರನ್ನು ನಂಬಿ ನಾನು ಕಳೆದುಕೊಂಡದ್ದು ಮತ್ತೆ ಸಿಗುವಂಥದ್ದಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮೂರ ಗದ್ದೆಯಲ್ಲಿ ಹರಕೆಯ ಆಟ (ಯಕ್ಷಗಾನಕ್ಕೆ ನಾವು ಹೇಳುವುದು ಹಾಗೆ) ಇತ್ತು. ತೆಂಕುತಿಟ್ಟು, ಅಂದರೆ ದಕ್ಷಿಣದ ಶೈಲಿ, ಬೆಳಗಿನ ತನಕ. ರಾವಣನ ವೇಷ ಮಾಡಿದವರು ನಾನು ಚಿಕ್ಕಂದಿನಿಂದ ನೋಡುತ್ತಾ ಬಂದ ಹಿರಿಯರು. ಪತ್ತನಾಜೆಗೆ, ಅಂದರೆ ಮೇಳದ ತಿರುಗಾಟ ಮುಗಿಯುವ ದಿನ, ಗೆಜ್ಜೆ ಬಿಚ್ಚಿದ ಮೇಲೆ ಇನ್ನು ಕಟ್ಟುವುದಿಲ್ಲ ಎಂದು ಆಗಲೇ ಹೇಳಿಬಿಟ್ಟಿದ್ದರು. ತಮ್ಮ ಚಿಟ್ಟಿ ಚೆನ್ನಾಗಿ ಕಾಣುವ ಒಂದು ಫೋಟೋ ಬೇಕು ಎಂದು ಬಾಯಿಬಿಟ್ಟು ಕೇಳಿದ್ದರು. ಬಣ್ಣದ ವೇಷ (ರಾಕ್ಷಸ ಪಾತ್ರಗಳ ವೇಷ) ಹತ್ತಿರದಿಂದ ನೋಡದವರಿಗೆ ಹೇಳುತ್ತೇನೆ: ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿ, ಆ ಹಿಟ್ಟನ್ನು ಮುಖದ ಮೇಲೆ ಮುಳ್ಳು ಮುಳ್ಳಾಗಿ ಇಡುತ್ತಾರೆ. ಅದೇ ಚಿಟ್ಟಿ. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಕನ್ನಡಿ ಹಿಡಿದು ಕೂತು ಗಂಟೆಗಟ್ಟಲೆ ಇಡುವ ಕೆಲಸ ಅದು. ಒಂದು ಮುಳ್ಳಿನ ನೆರಳು ಪಕ್ಕದ ಮುಳ್ಳಿನ ಮೇಲೆ ಬೀಳಬೇಕು. ಆ ಸಣ್ಣ ನೆರಳು ಇದ್ದರೇ ಮುಖಕ್ಕೆ ಉಗ್ರತೆ. ನೆರಳು ಹೋದರೆ ಸುಮ್ನೆ ಬಿಳಿ ಮುಖ.

ನಾನು ಮಾಡಿದ್ದು ಇಷ್ಟು. ಹಿಸ್ಟೋಗ್ರಾಂನ (ಫೋಟೋದ ಕತ್ತಲು-ಬೆಳಕಿನ ಲೆಕ್ಕ ತೋರಿಸುವ ನಕ್ಷೆ) ಗುಡ್ಡ ನಡುವೆ ಇರಬೇಕು, ಎಡಕ್ಕೆ ಸರಿದರೆ ಫೋಟೋ ಕತ್ತಲು, ಬಲಕ್ಕೆ ಸರಿದರೆ ಬೆಳಕು ಜಾಸ್ತಿ ಎಂದು ಎಲ್ಲೋ ಓದಿದ್ದೆ. ಮೊದಲ ಫೋಟೋ ತೆಗೆದು ನೋಡಿದೆ. ಗುಡ್ಡ ಪೂರ್ತಿ ಎಡಗಡೆಗೆ ಒತ್ತಿಕೊಂಡಿತ್ತು. ಬೆಳಕು ಸಾಲಲಿಲ್ಲ ಎಂದುಕೊಂಡು, ಮೀಟರಿನ ಲೆಕ್ಕವನ್ನು ಏರಿಸುವ-ಇಳಿಸುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಪ್ಲಸ್ 1ಕ್ಕೆ ಏರಿಸಿದೆ. ಗುಡ್ಡ ಸ್ವಲ್ಪ ನಡುವಿಗೆ ಬಂತು. ಸರಿಯಾಯಿತು ಎಂದು ಬೆಳಗಿನ ತನಕ ಹಾಗೇ ತೆಗೆದೆ, ಅದೂ ಬರೀ ಜೆಪೆಗ್‌ನಲ್ಲಿ.

ಆ ಗುಡ್ಡ ಯಾವುದರದ್ದು ಎಂದು ನಾನು ಕೇಳಿಕೊಳ್ಳಲೇ ಇಲ್ಲ. ಫ್ರೇಮಿನಲ್ಲಿ ಹೆಚ್ಚು ಪಾಲು ಇದ್ದದ್ದು ರಂಗಸ್ಥಳದ ಹಿಂದಿನ ಕತ್ತಲೆ. ಹಿಸ್ಟೋಗ್ರಾಂ ಎಷ್ಟು ಪಿಕ್ಸೆಲ್ ಎಷ್ಟು ಬೆಳಕಿನಲ್ಲಿವೆ ಎಂದು ಎಣಿಸುತ್ತದೆ, ಅಷ್ಟೇ. ಯಾವ ಪಿಕ್ಸೆಲ್ ಮುಖ್ಯ ಎಂದು ಅದಕ್ಕೆ ಗೊತ್ತಿಲ್ಲ. ರಾತ್ರಿಯ ಫೋಟೋದಲ್ಲಿ ಗುಡ್ಡ ಎಡಗಡೆ ಇರುವುದೇ ಸರಿ, ಏಕೆಂದರೆ ಅದು ರಾತ್ರಿ. ರಾವಣನ ಮುಖ ಫ್ರೇಮಿನ ಒಂದು ಸಣ್ಣ ಮೂಲೆ. ಅದರ ಲೆಕ್ಕ ಬಲತುದಿಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಗೋಡೆಗೆ ಅಂಟಿಕೊಂಡಿತ್ತು. ನನ್ನ ಕಣ್ಣು ಗುಡ್ಡದ ಮೇಲೆ, ಆ ಎಳೆಯ ಮೇಲಲ್ಲ.

ಪ್ಲಸ್ 1 ಕೊಡುವ ಮೊದಲೇ ಮೀಟರ್ ಆ ಮುಖಕ್ಕೆ ಅನ್ಯಾಯ ಮಾಡಿ ಆಗಿತ್ತು. ಮೀಟರ್ ಏನು ನೋಡಿದರೂ ಅದನ್ನು ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ತೋರಿಸಿದರೆ ಬೂದು ಮಾಡುತ್ತದೆ, ಬಿಳಿ ತೋರಿಸಿದರೂ ಬೂದು ಮಾಡುತ್ತದೆ. ಇಡೀ ಫ್ರೇಮ್ ಅಳೆದಾಗ ಕತ್ತಲೆಯೇ ಜಾಸ್ತಿ ಸಿಕ್ಕಿತು. ಅದನ್ನು ಬೂದು ಮಾಡಲು ಹೊರಟು ಮುಖದ ಮೇಲೆ ಬೆಳಕು ಸುರಿಯಿತು. ಅದರ ಮೇಲೆ ನಾನು ಇನ್ನೊಂದು ಸ್ಟಾಪ್ ಸುರಿದೆ. ಒಂದು ಸ್ಟಾಪ್ ಅಂದರೆ ಬೆಳಕು ನೇರ ಎರಡರಷ್ಟು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 0ಯಿಂದ 255ರ ತನಕ ಮೆಟ್ಟಿಲು. ಚಿಟ್ಟಿ ಪೂರ್ತಿ 255ಕ್ಕೆ ಹೋಗಿ ನಿಂತಿತು. ಮುಳ್ಳೂ 255, ಅದರ ನೆರಳೂ 255. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಕೆಳಗಿಳಿಸಿದರೂ ಬಿಳಿ ಹೋಗಿ ಬೂದು ಆಗುತ್ತದೆಯೇ ಹೊರತು ಮುಳ್ಳು ಹುಟ್ಟುವುದಿಲ್ಲ. ಕಿರೀಟದ ಕೆಂಪಿನದ್ದೂ ಅದೇ ಕಥೆ. ಕೆಂಪು ಚಾನೆಲ್ ಒಂದೇ ತುಂಬಿ ಹರಿದಿತ್ತು. ನಾನು ನೋಡುತ್ತಿದ್ದ ಬಿಳಿ ಹಿಸ್ಟೋಗ್ರಾಂ ಮೂರೂ ಬಣ್ಣ ಕಲಸಿ, ಹಸಿರಿಗೆ ಜಾಸ್ತಿ ತೂಕ ಕೊಟ್ಟು ತೋರಿಸುವಂಥದ್ದು. ಕೆಂಪು ಹೋದದ್ದು ಅದರಲ್ಲಿ ಕಾಣಲೇ ಇಲ್ಲ.

ಫೋಟೋ ನೋಡಿ ಅವರು ಕೇಳಿದ್ದು, ‘ಚಿಟ್ಟಿ ಎಲ್ಲಿ ಹೋಯ್ತು ಮಾರಾಯಾ?’ ಎಂದು. ಕೋಪ ಇರಲಿಲ್ಲ. ನನಗೆ ಉತ್ತರ ಇರಲಿಲ್ಲ. ಅವರು ಮತ್ತೆ ಬಣ್ಣ ಹಚ್ಚಲಿಲ್ಲ.

ಈಗ ನಾನು ಮಾಡುವುದು ಬೇರೆ. ಸ್ಪಾಟ್ ಮೀಟರಿಂಗ್ ಹಾಕಿ ಮುಖದ ಅತಿ ಬಿಳಿ ಜಾಗವನ್ನು ಮಾತ್ರ ಅಳೆಯುತ್ತೇನೆ. (ಕೆಲವು ಕ್ಯಾಮರಾಗಳಲ್ಲಿ ಸ್ಪಾಟ್ ಫೋಕಸ್ ಬಿಂದುವಿನ ಜೊತೆ ಸರಿಯುತ್ತದೆ, ಕೆಲವದರಲ್ಲಿ ನಡುವೆಯೇ ಕೂತಿರುತ್ತದೆ. ನಿಮ್ಮದು ಯಾವುದೆಂದು ಹಗಲಿನಲ್ಲೇ ನೋಡಿಕೊಳ್ಳಿ.) ಮೀಟರ್ ಆ ಬಿಳಿಯನ್ನು ಬೂದು ಮಾಡಲು ನೋಡುತ್ತದೆ ಅಲ್ವಾ? ಆದ್ದರಿಂದ ಅದರ ಮೇಲೆ ಒಂದೂವರೆ ಸ್ಟಾಪ್ ಸೇರಿಸುತ್ತೇನೆ. ಬಿಳಿ ಬಿಳಿಯಾಗಿಯೇ ಉಳಿಯುತ್ತದೆ, ಮುಳ್ಳೂ ಉಳಿಯುತ್ತದೆ. ಇದು ಹೊಸ ಉಪಾಯವೇನಲ್ಲ. ಅಮೆರಿಕದ ಫೋಟೋಗ್ರಾಫರುಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ಫಿಲ್ಮಿಗಾಗಿ ರೂಪಿಸಿದ ಝೋನ್ ಪದ್ಧತಿಯ ತಿರುಳೇ ಇದು: ಯಾವ ವಸ್ತು ಎಷ್ಟು ಬೆಳ್ಳಗೆ ಕಾಣಬೇಕು ಎಂದು ತೆಗೆಯುವವರು ಮೊದಲೇ ತೀರ್ಮಾನಿಸಬೇಕು.

ಅಳತೆ ಒಮ್ಮೆ ಸಿಕ್ಕಿದ ಮೇಲೆ ಮ್ಯಾನುಯಲ್ ಮೋಡ್‌ನಲ್ಲಿ ಅದನ್ನೇ ಕಟ್ಟಿಹಾಕಿ. ರಂಗಸ್ಥಳದ ದೀಪ ಒಂದೇ ಸಮ ಇದ್ದರೆ ವೇಷ ಬದಲಾಯಿತು ಎಂದು ಎಕ್ಸ್‌ಪೋಶರ್ ಬದಲಾಗಬೇಕಿಲ್ಲ. ಸೆನ್ಸರಿನ ಬೆಳಕಿನ ಸೂಕ್ಷ್ಮತೆಯನ್ನು ಕ್ಯಾಮರಾವೇ ಏರಿಸಿ ಇಳಿಸುವ ಆಟೋ ಐಎಸ್ಒ ಆಫ್ ಮಾಡಿ. ಅದು ಆನ್ ಇದ್ದರೆ ಹಿಂದಿನ ಬಾಗಿಲಿನಿಂದ ಅದೇ ಮೀಟರ್ ಮತ್ತೆ ಒಳಗೆ ಬರುತ್ತದೆ. ಪೂರ್ತಿ ಬಿಳಿಯಾಗಿ ಹೋದ ಜಾಗವನ್ನು ಸ್ಕ್ರೀನಿನಲ್ಲಿ ಮಿಟುಕಿಸಿ ತೋರಿಸುವ ಹೈಲೈಟ್ ಅಲರ್ಟ್ ಆನ್ ಮಾಡಿ. ಬಲ್ಬು, ಕಿರೀಟದ ಹೊಳಪಿನ ಚೂರು ಮಿಟುಕಿದರೆ ಬಿಟ್ಟುಬಿಡಿ. ಮುಖ ಮಿಟುಕಿದರೆ ಆ ಕ್ಷಣವೇ ಇಳಿಸಿ. ಮತ್ತು ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಜೆಪೆಗ್ ಮಾಡದೆ ಇಡುವ ಫೈಲ್) ತೆಗೆಯಿರಿ. ಇದರ ಬಗ್ಗೆ ನನ್ನ ಹತ್ತಿರ ಚರ್ಚೆಗೆ ಜಾಗವೇ ಇಲ್ಲ.

‘ಸರಿಯಾದ ಎಕ್ಸ್‌ಪೋಶರ್’ ಬೇಕು ಎಂದು ಬರೆದಿದ್ದೀರಿ. ಅಂಥದ್ದೊಂದು ಇದೆ ಎಂದು ನಾನು ಒಪ್ಪುವುದಿಲ್ಲ. ಏನು ಕಾಣಬೇಕು, ಏನು ಕತ್ತಲೆಗೆ ಹೋಗಬೇಕು ಎಂದು ಆರಿಸುವುದಷ್ಟೇ ಇರುವುದು. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಜನರ ನಡುವಿನಿಂದ ದೊಂದಿಯ ಬೆಳಕಿನಲ್ಲಿ ಬರುತ್ತಾನೆ. ದೊಂದಿಗೆ ರಾಳದ ಹುಡಿ ಎರಚಿದರೆ ಬೆಂಕಿ ಭಗ್ ಎಂದು ಏಳುತ್ತದೆ. ಅಲ್ಲಿ ಮಾಮೂಲಿ ದೊಂದಿ ಬೆಳಕಿಗೆ ಅಳೆದರೆ ರಾಳ ಎದ್ದಾಗ ಎಲ್ಲಾ ಹೋಯಿತು. ನಾನು ಎರಡು ಸ್ಟಾಪ್ ಕಡಿಮೆ ಇಟ್ಟು ಕಾಯುತ್ತೇನೆ. ರಾಳ ಏಳುವ ತನಕ ಸ್ಕ್ರೀನ್ ಹೆಚ್ಚುಕಡಿಮೆ ಕಪ್ಪು. ಎದ್ದಾಗ ಕೊಂಬು, ಕಣ್ಣು, ಹತ್ತಿರದ ನಾಲ್ಕು ಜನರ ಮುಖ ಮಾತ್ರ ಬೆಳಗುತ್ತವೆ. ಉಳಿದ ಸಭೆ ಕತ್ತಲೆಯಲ್ಲಿರಲಿ, ಅಲ್ಲಿ ಕೂತಾಗ ನಮಗೂ ಹಾಗೇ ಕಂಡದ್ದು.

ಶಟರ್ ಕೂಡ ಹಾಗೇ. ಪುಂಡುವೇಷ (ಹುಡುಗ ವೀರರ ಪಾತ್ರ) ದಿಗಿಣ ಹಾರುವಾಗ ಗಾಳಿಯಲ್ಲಿ ನಿಲ್ಲಿಸಬೇಕಾದರೆ 1/500 ಸೆಕೆಂಡ್ ಬೇಕು. ಆದರೆ ಗಿರಕಿ ಹೊಡೆಯುವುದನ್ನು 1/500ರಲ್ಲಿ ತೆಗೆದರೆ ಮನುಷ್ಯ ಸುಮ್ನೆ ನಿಂತ ಹಾಗೆ ಕಾಣುತ್ತದೆ. 1/15ಕ್ಕೆ ಇಳಿಸಿ, ಅಷ್ಟೇ ಸ್ಟಾಪ್ ಐಎಸ್ಒ ಇಳಿಸಿ. ಬಟ್ಟೆ, ಗೆಜ್ಜೆ ಎಲ್ಲಾ ಸುತ್ತುತ್ತವೆ. ಹೆಚ್ಚಿನವು ಹಾಳಾಗುತ್ತವೆ. ಒಂದು ಉಳಿದರೂ ಚೆಂಡೆಯ ಪೆಟ್ಟು ಅದರಲ್ಲಿ ಕೇಳುತ್ತದೆ. ಸ್ಟೇಜಿನಲ್ಲಿ ಅಗ್ಗದ ಎಲ್‌ಇಡಿ ಇದ್ದರೆ ಮಾತ್ರ ಹುಷಾರು. ನಮ್ಮ ಕರೆಂಟ್ 50 ಹರ್ಟ್ಸ್, ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಜಾಸ್ತಿ ವೇಗವಾದರೆ, ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ, ಫೋಟೋ ಮೇಲೆ ಪಟ್ಟಿ ಬೀಳುತ್ತವೆ. 1/100 ಅಥವಾ 1/50ಕ್ಕೆ ಬಂದರೆ ಸಾಮಾನ್ಯವಾಗಿ ಹೋಗುತ್ತವೆ.

ಫುಲ್ ಫ್ರೇಮ್ ತಗೊಂಡರೆ ನಾಯ್ಸ್ (ಫೋಟೋದ ಮೇಲೆ ಕಾಣುವ ಕಾಳುಕಾಳು) ಕಡಿಮೆಯಾಗುತ್ತದೆ, ನಿಜ. ಆದರೆ ಅದರ ಮೀಟರ್‌ಗೂ ರಾವಣ ಯಾರು, ರಾತ್ರಿ ಯಾವುದು ಗೊತ್ತಿಲ್ಲ. ದುಡ್ಡು ಹಾಕಲೇಬೇಕು ಅನಿಸಿದರೆ ಈಗಿರುವ ಕ್ಯಾಮರಾಕ್ಕೇ ಬೆಳಕು ಜಾಸ್ತಿ ಒಳಗೆ ಬಿಡುವ ಒಂದು 85 ಎಂಎಂ ಎಫ್ 1.8 ಲೆನ್ಸ್ ತಗೊಳ್ಳಿ. ಆಟಕ್ಕೆ ಬೇಗ ಹೋಗಿ, ಕೇಳಿ ಒಪ್ಪಿಗೆ ಪಡೆದು ಚೌಕಿಯಲ್ಲಿ ಚಿಟ್ಟಿ ಇಡುವಾಗಲೇ ಆ ಬಿಳಿಯನ್ನು ಸ್ಪಾಟ್‌ನಲ್ಲಿ ಅಳೆದು ಅಭ್ಯಾಸ ಮಾಡಿಕೊಳ್ಳಿ. ಅಲ್ಲಿ ವೇಷಧಾರಿ ಅಲುಗಾಡದೆ ಕೂತಿರುತ್ತಾರೆ, ನಿಮಗೆ ಬೇಕಾದಷ್ಟು ಸಮಯ ಇರುತ್ತದೆ. ಫ್ಲ್ಯಾಶ್ ಮಾತ್ರ ಹೊಡೆಯಬೇಡಿ.